ಮೂರು ಎಕರೆ ನಾಲ್ಕು ಗುಂಟೆ

ಈ ಸಲ ಸಿದ್ಧಗಂಗೆ ಜಾತ್ರೆಗೆ ಹೋದವನು ವಸ್ತುಪ್ರದರ್ಶನ ನೋಡಿ ಮುಗಿಸಿ, ಸುಮ್ಮನೆ ಮನೆಗೆ ಬರೋದು ಬಿಟ್ಟು ಜಯಂಟ್ ವೀಲ್ ಹತ್ತಿ ಕೂತೆ. ಟಿಕೆಟ್ ಹರಿಯುತ್ತಿದ್ದ ಹುಡುಗ "ತಾತಾ, ತಲೆ ಸುತ್ತುತ್ತೆ ಅಂದ್ರೆ ಮಧ್ಯದಲ್ಲಿ ಇಳಿಸೋಕಾಗಲ್ಲ" ಅಂತ ಮೊದಲೇ ಹೇಳಿಬಿಟ್ಟ. ಮೇಲಿನಿಂದ ಒಂದು ಫೋಟೋ ತೆಗೆದು ಮಗಳಿಗೆ ಕಳಿಸಿದೆ. ಅವಳ ಉತ್ತರ ಒಂದೇ ಸಾಲು: "ಅಪ್ಪಾ, ಕೋನಿ ಐಲ್ಯಾಂಡ್ ನೆನಪಾಯ್ತಾ?"

ಆಗಿತ್ತು. ಕೋನಿ ಐಲ್ಯಾಂಡ್ ಅಂದರೆ ನ್ಯೂಯಾರ್ಕಿನ ಸಮುದ್ರ ದಂಡೆಯಲ್ಲಿರೋ ಆಟದ ಪಾರ್ಕುಗಳ ಜಾಗ. ಅದಕ್ಕೇ ಇಷ್ಟುದ್ದ ಬರೀತಿದೀನಿ, ಬೇಜಾರಾದವರು ಮುಂದೆ ಸ್ಕ್ರಾಲ್ ಮಾಡಿ.

2008ರಲ್ಲಿ ಮಗಳ ಬಾಣಂತನಕ್ಕೆ ಅಂತ ನಾವಿಬ್ಬರೂ ನ್ಯೂಯಾರ್ಕಿಗೆ ಹೋಗಿದ್ವಿ. ಬಾಣಂತನ ಮಾಡಿದ್ದು ನನ್ನಾಕೆ, ನಾನು ಹೋದದ್ದು ಮೆಣಸಿನಪುಡಿ, ಹುರಿಹಿಟ್ಟಿನ ಲಗೇಜು ಹೊರೋಕೆ. ಸರ್ವೆ ಇಲಾಖೆಯಿಂದ ರಿಟೈರ್ ಆಗಿ ವರ್ಷ ಕಳೆದಿತ್ತು, ಕೈಗೆ ಕೆಲಸವಿಲ್ಲ. ಆಗಸ್ಟಿನ ಒಂದು ಭಾನುವಾರ ಅಳಿಯಂದಿರು "ಮಾವ, ಸಮುದ್ರದ ಹತ್ತಿರ ಹಳೇದೊಂದು ಪಾರ್ಕಿದೆ, ಇದೇ ಕೊನೆ ಬೇಸಿಗೆ ಅಂತಾರೆ, ನೋಡ್ಕೊಂಡು ಬರೋಣ" ಅಂದ್ರು. ರೈಲು ಕೊನೇ ಸ್ಟೇಷನ್ನಿಗೆ ಹೋಗಿ ನಿಲ್ಲುತ್ತೆ, ಸ್ಟಿಲ್‌ವೆಲ್ ಅವೆನ್ಯೂ. ಇಳಿದು ಹೊರಬಂದರೆ ಉಪ್ಪುಗಾಳಿ, ಎಣ್ಣೆ ಕಾದ ವಾಸನೆ, ಮಕ್ಕಳ ಕಿರುಚಾಟ. ನಮ್ಮ ಜಾತ್ರೆಗೂ ಇದಕ್ಕೂ ವ್ಯತ್ಯಾಸ ಅಂದರೆ ಧೂಳಿಲ್ಲ, ಅಷ್ಟೇ.

ಆ ಪಾರ್ಕಿನ ಹೆಸರು ಆಸ್ಟ್ರೋಲ್ಯಾಂಡ್. 1962ರಲ್ಲಿ ಶುರುವಾಗಿದ್ದು. ಚಂದ್ರನಿಗೆ ಹೋಗುವ ಹುಚ್ಚು ಜಗತ್ತಿಗೇ ಹಿಡಿದಿದ್ದ ಕಾಲ, ಹಾಗಾಗಿ ಎಲ್ಲೆಲ್ಲೂ ನಕ್ಷತ್ರ, ರಾಕೆಟ್ಟು. ನಾನು ಹೋದಾಗ ಒಂದು ರಾಕೆಟ್ಟು ತಿಂಡಿ ಅಂಗಡಿಯ ಸೂರಿನ ಮೇಲೆ ಮಲಗಿತ್ತು. ಒಂದು ಕಾಲಕ್ಕೆ ಜನ ಅದರೊಳಗೆ ಕೂತು, ಸೀಟು ಅಲುಗಾಡುತ್ತಿದ್ದರೆ ಎದುರಿನ ಸಿನಿಮಾ ನೋಡ್ತಾ ಆಕಾಶಕ್ಕೆ ಹೋದೆವು ಅಂದ್ಕೊಳ್ತಿದ್ದರಂತೆ. ಪಾರ್ಕಿನ ವಿಸ್ತೀರ್ಣ 3.1 ಎಕರೆ ಅಂದ್ರು ಅಳಿಯಂದಿರು. ಬಾಯಿಗೆ ತಾನಾಗೇ ಬಂತು: ಮೂರು ಎಕರೆ ನಾಲ್ಕು ಗುಂಟೆ. ಅಷ್ಟೇನಾ! ನಮ್ಮ ಕಡೆ ಅಷ್ಟರಲ್ಲಿ ಒಂದು ಸಾಧಾರಣ ಅಡಿಕೆ ತೋಟ ಆಗುತ್ತೆ.

ಪಕ್ಕದಲ್ಲೇ ವಂಡರ್ ವೀಲ್ ಅಂತ 150 ಅಡಿ ಎತ್ತರದ ಚಕ್ರ. 1920ರದ್ದು. ಅದರಲ್ಲಿ 24 ಪೆಟ್ಟಿಗೆ. 8 ಪೆಟ್ಟಿಗೆ ನೆಟ್ಟಗೆ ಕೂತಿರುತ್ತವೆ, ಉಳಿದ 16 ಚಕ್ರ ತಿರುಗಿದಂತೆ ಕಂಬಿಯ ಮೇಲೆ ಒಳಗೂ ಹೊರಗೂ ಜಾರ್ತವೆ. ಎರಡಕ್ಕೂ ಬೇರೆ ಬೇರೆ ಸಾಲು. ನಾನು ಗೊತ್ತಿಲ್ಲದೆ ಜಾರುವುದರ ಸಾಲಿನಲ್ಲಿ ನಿಂತೆ. ಮೇಲೆ ಹೋದಾಗ ಪೆಟ್ಟಿಗೆ ಸರ್ರನೆ ಸಮುದ್ರದ ಕಡೆ ಜಾರಿತು ನೋಡಿ, "ಸಿದ್ಧಲಿಂಗೇಶ್ವರಾ" ಅಂತ ಕೂಗಿದ್ದು ಕೆಳಗಿನವರಿಗೂ ಕೇಳಿಸಿರಬೇಕು. ಜೀವ ಹಿಡಿದುಕೊಂಡು ಕಣ್ಣು ಬಿಟ್ಟಾಗ ಕಂಡದ್ದು ಮಾತ್ರ ಮರೆಯೋಕಾಗಲ್ಲ. ಒಂದು ಕಡೆ ಮರದ ಹಲಗೆಯ ರೋಲರ್ ಕೋಸ್ಟರು, ಅದಕ್ಕೆ ಸೈಕ್ಲೋನ್ ಅಂತ ಹೆಸರು. ಅದರಾಚೆ ಅಟ್ಲಾಂಟಿಕ್. ಇನ್ನೊಂದು ಕಡೆ ಬೇಲಿ ಹಾಕಿದ ಬಯಲು. ಬೇಲಿಯ ಒಳಗೆ ಏನೂ ಇಲ್ಲ. ಮೂವತ್ತು ವರ್ಷ ಜಮೀನು ಅಳೆದವನ ಕಣ್ಣು ಸಮುದ್ರ ಬಿಟ್ಟು ಆ ಬೇಲಿಯ ಮೇಲೇ ಹೋಗಿ ಕೂತಿತು.

ಇಳಿದ ಮೇಲೆ ಬೆಂಚಿನ ಮೇಲೆ ಕೂತು, ನನ್ನಾಕೆ ಕಟ್ಟಿಕೊಟ್ಟಿದ್ದ ಚಿತ್ರಾನ್ನದ ಡಬ್ಬಿ ಬಿಚ್ಚಿದಾಗ ಅಳಿಯಂದಿರು ಕತೆ ಹೇಳಿದರು. ಪಾರ್ಕು ನಡೆಸುತ್ತಿದ್ದ ಕುಟುಂಬ 2006ರಲ್ಲೇ ಜಾಗವನ್ನು ಥಾರ್ ಈಕ್ವಿಟೀಸ್ ಅನ್ನೋ ರಿಯಲ್ ಎಸ್ಟೇಟ್ ಕಂಪನಿಗೆ ಮಾರಿಬಿಟ್ಟಿತ್ತು. ಆಮೇಲೆ ತಮ್ಮದೇ ಪಾರ್ಕನ್ನು ವರ್ಷಕ್ಕೊಂದು ಬಾಡಿಗೆ ಕರಾರಿನ ಮೇಲೆ ನಡೆಸುತ್ತಿದ್ದರು. ಮುಂದಿನ ಕರಾರು ಆಗಲಿಲ್ಲ. ನಾವು ಹೋಗಿ ಬಂದ ಕೆಲವೇ ದಿನಕ್ಕೆ, ಸೆಪ್ಟೆಂಬರ್ 7ರಂದು, ಬಾಗಿಲು ಹಾಕಿದರು.

ಆ ಊರಿಗೆ ಇದೇನೂ ಹೊಸದಲ್ಲ. ಅಲ್ಲೇ 1897ರಿಂದ ಸ್ಟೀಪಲ್‌ಚೇಸ್ ಅಂತ ಇನ್ನೊಂದು ಪಾರ್ಕಿತ್ತು, 1964ರಲ್ಲಿ ಮುಚ್ಚಿತು. ಕೊಂಡವರು ಫ್ರೆಡ್ ಟ್ರಂಪ್, ಈಗ ಎಲ್ಲರಿಗೂ ಗೊತ್ತಿರೋ ಟ್ರಂಪ್ ಅವರ ತಂದೆ. ಅದರ ದೊಡ್ಡ ಗಾಜಿನ ಮಂಟಪ ಕೆಡವೋಕೆ 1966ರಲ್ಲಿ ಪಾರ್ಟಿ ಇಟ್ಟು, ಬಂದವರ ಕೈಗೆ ಇಟ್ಟಿಗೆ ಕೊಟ್ಟು ಗಾಜು ಒಡೆಸಿದರಂತೆ. ಗೃಹಪ್ರವೇಶಕ್ಕೆ ಕರೆದು ಊಟ ಹಾಕೋದು ಕೇಳಿದೀವಿ, ಕೆಡವೋಕೂ ಕರೀತಾರಾ? ಇಷ್ಟಾಗಿ ಅವರು ಅಂದುಕೊಂಡಿದ್ದ ಅಪಾರ್ಟ್‌ಮೆಂಟು ಅಲ್ಲಿ ಮೇಲೇಳಲೇ ಇಲ್ಲ. ಜಾಗ ಎಷ್ಟೋ ವರ್ಷ ಸುಮ್ಮನೆ ಬಿದ್ದಿತ್ತು.

ಇದನ್ನು ಯಾರ ಹತ್ತಿರ ಹೇಳಿದರೂ "ಅವರ ಜಾಗ, ಅವರು ಮಾರಿದರು, ನಿಮಗೇನು ಕಷ್ಟ ಸ್ವಾಮಿ?" ಅಂತಾರೆ. ಸರಿ, ಮಾರಿದವರನ್ನು ನಾನೂ ಬೈಯೋದಿಲ್ಲ. ಬೇಸಿಗೆಯಲ್ಲಿ ಮಾತ್ರ ದುಡಿಯೋ ಜಾಗಕ್ಕೆ ಹನ್ನೆರಡು ತಿಂಗಳ ತೆರಿಗೆ ಕಟ್ಟಿದವರಿಗೆ ಅದರ ಕಷ್ಟ ಗೊತ್ತು. ಆದರೆ ಅಲ್ಲಿ ಉಳಿದದ್ದು ಯಾವುದು ನೋಡಿ. ಸೈಕ್ಲೋನನ್ನು ನಡೆಸುತ್ತಿದ್ದವರೂ ಆಸ್ಟ್ರೋಲ್ಯಾಂಡಿನವರೇ. ಪಾರ್ಕು ಹೋಯಿತು, ಸೈಕ್ಲೋನ್ ನಿಂತಿತು. ಯಾಕಂದರೆ ಅದು ನಗರದ್ದೇ ಆಸ್ತಿ, ಸಾಲದ್ದಕ್ಕೆ 1927ರ ಆ ಕೋಸ್ಟರನ್ನು 1988ರಲ್ಲಿ, ಮರುವರ್ಷ ವಂಡರ್ ವೀಲನ್ನು, ನ್ಯೂಯಾರ್ಕ್ ನಗರ ಸಂರಕ್ಷಿತ ಹೆಗ್ಗುರುತು ಅಂತ ಬರೆದಿಟ್ಟಿತ್ತು. ಆಟದ ಸಾಮಾನು ಅಂತ ಉದಾಸೀನ ಮಾಡಲಿಲ್ಲ. ಆಮೇಲೆ 2009ರಲ್ಲಿ ಅದೇ ನಗರ ಅದೇ ಕಂಪನಿಯಿಂದ ಅಲ್ಲಿನ ಸುಮಾರು 7 ಎಕರೆಯನ್ನು 95.6 ಮಿಲಿಯನ್ ಡಾಲರಿಗೆ ಕೊಂಡು, 2010ರಲ್ಲಿ ಅಲ್ಲಿ ಲೂನಾ ಪಾರ್ಕ್ ಅಂತ ಮತ್ತೆ ಪಾರ್ಕೇ ಮಾಡಿಸಿತು. ಇದ್ದ ಪಾರ್ಕು ಮುಚ್ಚಿ ಹೊಸ ಪಾರ್ಕಿಗೆ ಅಷ್ಟು ದುಡ್ಡು. ಮಧ್ಯದಲ್ಲಿ ಬೇಲಿ ಹಾಕಿದವರಿಗೆ ಲಾಭ.

ನಮ್ಮಲ್ಲಿ 1961ರ ಪ್ರಾಚೀನ ಸ್ಮಾರಕಗಳ ಕಾಯ್ದೆ ಇದೆ. ಗುಡಿ, ಕೋಟೆ, ಶಾಸನ ಅಂದರೆ ನಮಗೆ ಭಕ್ತಿ. ಕೈದಾಳದ ಗುಡಿಯ ಒಂದು ಕಲ್ಲು ಕದಲಿಸಿದರೆ ಊರೇ ಎದ್ದು ನಿಲ್ಲುತ್ತೆ, ನಿಲ್ಲಬೇಕು ಕೂಡ. ಆದರೆ ಜನ ನಕ್ಕ ಜಾಗ, ಕೂಗಿದ ಜಾಗ, ಕಂಪನಿ ನಾಟಕದ ಟೆಂಟು ನಿಂತ ಜಾಗ, ಇವಕ್ಕೆಲ್ಲ ನಮ್ಮ ಕಡತದಲ್ಲಿ ಇರೋದು ಒಂದೇ ಪದ. ಖಾಲಿ.

ಆ ಪದ ಬರೆದವರಲ್ಲಿ ನಾನೂ ಒಬ್ಬ. ಸರ್ವೀಸಿನಲ್ಲಿದ್ದಾಗ ಗುಬ್ಬಿ ಕಡೆಯ ಒಂದು ಹಳ್ಳಿಯ ಜಾತ್ರೆ ಮಾಳ ಅಳೆಯೋಕೆ ಆರ್ಡರ್ ಬಂತು. ಚಿಕ್ಕಂದಿನಲ್ಲಿ ಅಜ್ಜಿ ಮನೆಗೆ ಹೋದಾಗ ನಾನು ರಂಕಲರಾಟೆ ಹತ್ತಿದ್ದು ಅಲ್ಲೇ. ಕೈಯಲ್ಲಿ ತಿರುಗಿಸೋ ಮರದ್ದು, ನಾಲ್ಕು ತೊಟ್ಟಿಲು, ಐದು ಪೈಸೆಗೆ ಹತ್ತು ಸುತ್ತು. ಪ್ರತಿ ವರ್ಷ ಅದೇ ಎರಡು ಗುಂಡಿಗೆ ಕಂಬ ನೆಡುತ್ತಿದ್ದರು. ಚೈನು ಎಳೆಯುವಾಗ ಆ ಗುಂಡಿಗಳು ಕಾಲಿಗೆ ಸಿಕ್ಕವು, ಅರ್ಧ ಮಣ್ಣು ತುಂಬಿ ಗರಿಕೆ ಬೆಳೆದಿತ್ತು. ನಿಂತು ನೋಡಿದೆ. ನಕ್ಷೆಯಲ್ಲಿ ಬಾವಿಗೆ ಗುರುತಿದೆ, ಗುಡಿಗಿದೆ, ಸ್ಮಶಾನಕ್ಕಿದೆ, ಒಂಟಿ ಮರಕ್ಕೂ ಇದೆ. ರಂಕಲರಾಟೆ ಗುಂಡಿಗೆ ಇಲ್ಲ. ಮಹಜರಿನಲ್ಲಿ "ಸ್ಥಳದಲ್ಲಿ ಯಾವುದೇ ಕಟ್ಟಡ, ಮರಗಿಡ ಇರುವುದಿಲ್ಲ, ಖಾಲಿ ಇರುತ್ತದೆ" ಅಂತ ಬರೆದು ಸಹಿ ಹಾಕಿದೆ. ಸುಳ್ಳೇನಲ್ಲ. ಪಂಚರೂ ಸಹಿ ಹಾಕಿದರು.

ಈಗ ಇದನ್ನು ಓದುವವರಲ್ಲಿ ಗ್ರಾಮ ಪಂಚಾಯ್ತಿ ಮೆಂಬರುಗಳಿದ್ದರೆ ಒಂದು ಕೆಲಸ ಮಾಡಿ. ನಿಮ್ಮೂರ ಜಾತ್ರೆ ಮಾಳದ ಪಹಣಿ ತೆಗೆಸಿ ನೋಡಿ. ರಸ್ತೆ, ಸ್ಮಶಾನದ ಹಾಗೆ ಸಾರ್ವಜನಿಕರದ್ದು ಅಂತ ಬಿ ಖರಾಬಿನಲ್ಲಿ ಇದೆಯೋ ಇಲ್ಲವೋ. ಇಲ್ಲದಿದ್ದರೆ ಇವತ್ತೇ ತಹಸೀಲ್ದಾರರಿಗೆ ಅರ್ಜಿ ಕೊಡಿ, ಸ್ವೀಕೃತಿ ತಗೊಳ್ಳಿ. ಯಾರೋ ಬಂದು ಬೇಲಿ ಹಾಕಿದ ಮೇಲೆ ಧರಣಿ ಕೂತರೆ ಶಾಮಿಯಾನದ ಖರ್ಚು ಮೈಮೇಲೆ.

ಹೋದ ವರ್ಷ ಮದುವೆಗೆ ಅಂತ ಆ ಊರಿಗೆ ಹೋಗಿದ್ದೆ. ಮಾಳದಲ್ಲಿ ಈಗ ಅಂಗಡಿ ಸಾಲು. ಗೊಬ್ಬರದ ಅಂಗಡಿ ಮುಂದೆ ಹೊಸದಾಗಿ ಹಾಕಿದ ಸಿಮೆಂಟು ನೆಲ ಎರಡು ಕಡೆ ಕುಸಿದಿತ್ತು. "ಕಂಟ್ರಾಕ್ಟರು ಮಣ್ಣು ಸರಿಯಾಗಿ ದಮ್ಮಸ್ಸು ಮಾಡಿಸಿಲ್ಲ ಸಾರ್, ಎರಡು ಸಲ ಹಾಕ್ಸಿದ್ರೂ ಇಲ್ಲೇ ಇಳೀತಾ ಇದೆ" ಅಂತ ಅಂಗಡಿಯವರು ಬೈದುಕೊಳ್ತಿದ್ದರು. ಹೌದೌದು ಅಂದೆ. ಅವರು ಕೊಟ್ಟ ಟೀ ಕುಡಿದು ಬಸ್ಸು ಹತ್ತಿದೆ.