ಆಂ? ಏನಂದ್ರಿ?

"ಅವರ ಮನಸ್ಸಲ್ಲಿ ಏನಿದೆ ಅಂತ ನನಗೆ ಚೆನ್ನಾಗಿ ಗೊತ್ತು" ಅನ್ನುವವರನ್ನು ಕಂಡರೆ ನನಗೆ ಒಂದು ಹೆಜ್ಜೆ ಹಿಂದೆ ಸರಿಯೋಣ ಅನ್ನಿಸುತ್ತದೆ. ನಮ್ಮ ಮನಸ್ಸೇ ಎಷ್ಟೋ ಸಲ ನಮ್ಮ ಕೈಗೆ ಸಿಗುವುದಿಲ್ಲ, ಇನ್ನೊಬ್ಬರದ್ದು ಅಷ್ಟು ಸಲೀಸಾಗಿ ಸಿಕ್ಕಿಬಿಡುತ್ತದಾ? ಆದರೂ ಈ ಕೆಲಸವನ್ನು ನಾವೆಲ್ಲ ದಿನವಿಡೀ ಮಾಡುತ್ತಲೇ ಇರುತ್ತೇವೆ. ಎದುರಿಗೆ ಕೂತವರು ಎರಡು ಸಲ ಗಡಿಯಾರ ನೋಡಿದರೆ ಎದ್ದು ಹೊರಡುತ್ತೇವೆ. ಫೋನಿನಲ್ಲಿ ಹಲೋ ಅಂದ ದನಿ ಕೇಳಿಯೇ "ಯಾಕೆ, ಹುಷಾರಿಲ್ವಾ?" ಅನ್ನುತ್ತೇವೆ. ಯಾರೂ ಕಲಿಸಿದ್ದಲ್ಲ.

ಹಾಗಂತ ಹುಟ್ಟುತ್ತಲೇ ಎಲ್ಲ ಬಂದಿರುತ್ತದೆ ಅಂತಲೂ ಅಲ್ಲ. 1983ರಲ್ಲಿ ಹೈಂಜ್ ವಿಮ್ಮರ್ ಮತ್ತು ಯೋಸೆಫ್ ಪೆರ್ನರ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಪುಟ್ಟ ಮಕ್ಕಳಿಗೆ ಒಂದು ಕತೆ ಹೇಳಿದರು. ಹುಡುಗನೊಬ್ಬ ಚಾಕೊಲೇಟನ್ನು ಒಂದು ಕಪಾಟಿನಲ್ಲಿಟ್ಟು ಆಡಲು ಹೋಗುತ್ತಾನೆ. ಅವನಿಲ್ಲದಾಗ ಅಮ್ಮ ಅದನ್ನು ಇನ್ನೊಂದು ಕಪಾಟಿಗೆ ಸರಿಸುತ್ತಾಳೆ. ವಾಪಸು ಬಂದವನು ಎಲ್ಲಿ ಹುಡುಕುತ್ತಾನೆ? ಮೂರು ವರ್ಷದ ಮಕ್ಕಳು ಹೊಸ ಕಪಾಟನ್ನೇ ತೋರಿಸಿದವು. ತನಗೆ ಗೊತ್ತಿರುವುದು ಆ ಹುಡುಗನಿಗೆ ಗೊತ್ತಿಲ್ಲ ಅನ್ನುವ ಸಂಗತಿ ಆ ವಯಸ್ಸಿನ ತಲೆಗೆ ಇಳಿಯುವುದಿಲ್ಲ. ನಾಲ್ಕು ದಾಟಿದ ಮೇಲೆ ನಿಧಾನವಾಗಿ ಇಳಿಯುತ್ತದೆ. ಆಮೇಲೆ ಮಗು ಸುಳ್ಳು ಹೇಳುವುದರಲ್ಲೂ ಸ್ವಲ್ಪ ಪಳಗುತ್ತದೆ, ಅದು ಬೇರೆ ವಿಷಯ.

ಆದರೆ ಪೂರ್ತಿ ಇಳಿಯುತ್ತದಾ? ನನಗೆ ಅನುಮಾನ. 1990ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಎಲಿಜಬೆತ್ ನ್ಯೂಟನ್ ಎಂಬ ವಿದ್ಯಾರ್ಥಿನಿ ದೊಡ್ಡವರಿಗೇ ಒಂದು ಆಟ ಆಡಿಸಿದಳು. ಎಲ್ಲರಿಗೂ ಗೊತ್ತಿರುವ ಹಾಡಿನ ಲಯವನ್ನು ಒಬ್ಬರು ಬೆರಳಿನಿಂದ ಮೇಜಿನ ಮೇಲೆ ಬಡಿಯಬೇಕು, ಕೇಳುವವರು ಯಾವ ಹಾಡು ಅಂತ ಹೇಳಬೇಕು. ಬಡಿದವರ ಪ್ರಕಾರ ಸುಮಾರು ಅರ್ಧದಷ್ಟನ್ನಾದರೂ ಗುರುತಿಸಲೇಬೇಕಿತ್ತು. ಗುರುತಿಸಿದ್ದು 120 ಹಾಡುಗಳಲ್ಲಿ ಮೂರೇ ಮೂರು. ಬಡಿಯುವವರ ತಲೆಯಲ್ಲಿ ಇಡೀ ಹಾಡು ಓಡುತ್ತಿರುತ್ತದೆ, ಕೇಳುವವರಿಗೆ ಬರೀ ಟಕ್ ಟಕ್ ಟಕ್. ಮೀಟಿಂಗಿನಲ್ಲಿ, ಮನೆಯಲ್ಲಿ, ಜಗಳದಲ್ಲಿ ನಾವು ಮಾಡುವುದೂ ಬಹಳಷ್ಟು ಇದೇ ಅಲ್ವಾ? ಮೇಜು ಬಡಿದು, "ಇಷ್ಟು ಹೇಳಿದರೂ ಅರ್ಥ ಆಗಲ್ವಾ ನಿನಗೆ?" ಅಂತ ರೇಗುತ್ತೇವೆ.

ಇದಕ್ಕೆ ಎಲ್ಲರೂ ಕೊಡುವ ಸಲಹೆ ಒಂದಿದೆ: ಅವರ ಜಾಗದಲ್ಲಿ ನಿಂತು ಯೋಚಿಸಿ ನೋಡು. ಕೇಳಲು ಚೆನ್ನಾಗಿದೆ. ಆದರೆ ಅವರ ಜಾಗಕ್ಕೆ ಹೋಗುವಾಗ ನಾವು ನಮ್ಮ ತಲೆಯನ್ನೇ ಹೊತ್ತುಕೊಂಡು ಹೋಗುತ್ತೇವಲ್ಲ! ತಾಲ್ ಎಯಾಲ್, ಮೇರಿ ಸ್ಟೆಫಲ್, ನಿಕೊಲಸ್ ಎಪ್ಲಿ ಎಂಬ ಮೂವರು ಸಂಶೋಧಕರು ಈ ಸಲಹೆಯನ್ನೇ ಪರೀಕ್ಷೆಗೆ ಹಚ್ಚಿದರು. 2018ರಲ್ಲಿ ಅವರು ಪ್ರಕಟಿಸಿದ ಬರಹದಲ್ಲಿ 25 ಪ್ರಯೋಗಗಳಿವೆ. ಇನ್ನೊಬ್ಬರ ಜಾಗದಲ್ಲಿ ನಿಂತು ಊಹಿಸಿದ್ದರಿಂದ ಅವರ ಮನಸ್ಸು ಹೆಚ್ಚು ಸರಿಯಾಗಿ ತಿಳಿಯಿತು ಅನ್ನುವುದಕ್ಕೆ ಪುರಾವೆ ಸಿಗಲಿಲ್ಲ. ಉಪಯೋಗಕ್ಕೆ ಬಂದದ್ದು ಯಾವುದು ಅಂದರೆ, ನೇರವಾಗಿ ಕೇಳಿದ್ದು. ಇಷ್ಟಕ್ಕೆ 25 ಪ್ರಯೋಗ ಬೇಕಿತ್ತಾ ಅಂತ ನಗಬಹುದು. ಆದರೆ ನಾವು ಕೇಳುವುದೇ ಇಲ್ಲ, ನೋಡಿ. ಕೇಳಿದರೆ ಸಣ್ಣವರಾಗುತ್ತೇವೆ ಅನ್ನುವ ಬಿಂಕ. ಹೇಳದೆಯೇ ತಿಳಿದುಕೊಂಡರೆ ಮಾತ್ರ ಪ್ರೀತಿ ಅನ್ನುವ ಹಟ ಇನ್ನೊಂದು ಕಡೆ. "ಏನಾಯ್ತು?" "ಏನಿಲ್ಲ." ಈ ಎರಡು ಮಾತಿನ ಮಧ್ಯೆ ಎಷ್ಟು ಸಂಜೆಗಳು ಹಾಳಾಗಿವೆಯೋ.

ನನಗನ್ನಿಸುವುದು ಇಷ್ಟು. ಅರ್ಥವಾಗುವುದು ಅನ್ನುವುದು ಒಬ್ಬರ ತಲೆಯೊಳಗೆ ಸುಮ್ನೆ ಕೂತು ನಡೆಯುವ ಕೆಲಸ ಅಲ್ಲ, ಇಬ್ಬರೂ ಸೇರಿ ಮಾಡುವಂಥದ್ದು. ಮಾತಾಡುವಾಗ ನಾವು ಹೇಗಿರುತ್ತೇವೆ ನೋಡಿ. ಒಬ್ಬರು ಮುಗಿಸಿ ಇನ್ನೊಬ್ಬರು ಶುರುಮಾಡುವ ನಡುವಿನ ಬಿಡುವು ಸರಾಸರಿ ಸೆಕೆಂಡಿನ ಐದನೇ ಒಂದು ಭಾಗದಷ್ಟು. 2009ರಲ್ಲಿ ಹತ್ತು ಭಾಷೆಗಳ ಮಾತುಕತೆಯನ್ನು ಅಳೆದಾಗ ಹೆಚ್ಚುಕಡಿಮೆ ಎಲ್ಲ ಕಡೆಯೂ ಇಷ್ಟೇ ಕಂಡಿತು. ಬಾಯಿಗೆ ಒಂದು ಪದ ತಂದುಕೊಳ್ಳಲಿಕ್ಕೇ ಅದಕ್ಕಿಂತ ಜಾಸ್ತಿ ಹೊತ್ತು ಬೇಕು. ಅಂದರೆ ಅವರು ಇನ್ನೂ ಮಾತಾಡುತ್ತಿರುವಾಗಲೇ ಅದು ಎಲ್ಲಿ ಮುಗಿಯುತ್ತದೆ, ಎಲ್ಲಿಗೆ ಹೋಗುತ್ತದೆ ಅಂತ ಊಹಿಸಿ, ನಾವು ಉತ್ತರ ಸಿದ್ಧ ಮಾಡಿಕೊಳ್ಳುತ್ತಿರುತ್ತೇವೆ. ಇಂಥ ಅವಸರದ ಊಹೆ ತಪ್ಪದೇ ಇರುತ್ತದಾ? ತಪ್ಪುತ್ತದೆ. ಆಗ ಮುಖ ಚೂರು ಗಂಟಾಗುತ್ತದೆ, ಹುಬ್ಬು ಮೇಲೇರುತ್ತದೆ, ಇಲ್ಲವೇ ಬಾಯಿಂದ "ಆಂ?" ಬರುತ್ತದೆ. ಭಾಷಾವಿಜ್ಞಾನಿ ಮಾರ್ಕ್ ಡಿಂಗಮಾನ್ಸೆ ಮತ್ತು ಜೊತೆಗಾರರು 12 ಭಾಷೆಗಳ ಸಹಜ ಮಾತುಕತೆ ಕೇಳಿ 2015ರಲ್ಲಿ ಲೆಕ್ಕ ಕೊಟ್ಟರು: ಸರಾಸರಿ 1.4 ನಿಮಿಷಕ್ಕೊಮ್ಮೆ ಯಾರಾದರೂ ಹೀಗೆ ತಡೆದು ಕೇಳುತ್ತಾರೆ. ಏನಂದ್ರಿ, ಯಾರು, ಯಾವಾಗ, ಓ ಅವರಾ! ಒಂದೂವರೆ ನಿಮಿಷವೂ ಸರಿಯಾಗಿ ಅರ್ಥಮಾಡಿಕೊಳ್ಳಲು ಬಾರದವರು ನಾವು ಅಂತ ಇದನ್ನು ಓದಬಹುದು. ನನಗೆ ಕಾಣುವುದು, ಹರಿದ ಕಡೆ ಆಗಲೇ ಹೊಲಿಗೆ ಹಾಕುವ ಜಾಣತನ.

ಮಾತು ಬಾರದ ಕೂಸಿಗೂ ಈ ಕೊಡುಕೊಳ್ಳುವಿಕೆ ಬೇಕು. ಲಿನ್ ಮರ್ರೆ ಮತ್ತು ಕಾಲ್ವಿನ್ ಟ್ರೆವಾರ್ಥನ್ ಎಂಬ ಮನಶ್ಶಾಸ್ತ್ರಜ್ಞರು ಸುಮಾರು ಎರಡು ತಿಂಗಳ ಮಕ್ಕಳನ್ನು, ಅವರ ಅಮ್ಮಂದಿರನ್ನು ಬೇರೆಬೇರೆ ಕೋಣೆಯಲ್ಲಿ ಕೂರಿಸಿ, ಟೀವಿ ಪರದೆಯ ಮೂಲಕ ಮಾತಾಡಿಸಿದರು. ಮಕ್ಕಳು ಖುಷಿಯಾಗಿಯೇ ಇದ್ದವು. ಆಮೇಲೆ ಅಮ್ಮನ ಅದೇ ನಗು, ಅದೇ ಮುದ್ದುಮಾತುಗಳ ರೆಕಾರ್ಡ್ ಹಾಕಿದರು. ಮಕ್ಕಳಿಗೆ ಕಸಿವಿಸಿಯಾಗಿ ಮುಖ ಆಚೆ ತಿರುಗಿಸಿದವು. ನಗು ಅದೇ, ದನಿ ಅದೇ. ಆದರೆ ತಾನು ಈಗ ಮಾಡಿದ್ದಕ್ಕೆ ಉತ್ತರವಾಗಿ ಬಂದ ನಗು ಅದಲ್ಲ. 1985ರಲ್ಲಿ ಪ್ರಕಟವಾದ ಈ ಪ್ರಯೋಗವನ್ನು ಓದಿದ ಮೇಲೆ, ಫೋನ್ ನೋಡುತ್ತಾ "ಹೂಂ, ಹೇಳು, ಕೇಳಿಸ್ಕೊತಿದೀನಿ" ಅನ್ನುವವರ ಮೇಲೆ ನನಗೆ ಬರುವ ಸಿಟ್ಟಿಗೆ ಸ್ವಲ್ಪ ಶಾಸ್ತ್ರದ ಬೆಂಬಲ ಸಿಕ್ಕಂತಾಗಿದೆ.

ಮೆಸೇಜಿನ ತೊಂದರೆಯೂ ಇದೇ ಜಾತಿಯದು. ಅಲ್ಲಿ ಹುಬ್ಬು ಕಾಣುವುದಿಲ್ಲ, ಐದನೇ ಒಂದು ಸೆಕೆಂಡಿನ ಬಿಡುವು ಎರಡು ಗಂಟೆಯಾಗುತ್ತದೆ, ಆ ಎರಡು ಗಂಟೆಯಲ್ಲಿ ನಾವು ಅವರ ಮನಸ್ಸಿನ ಬಗ್ಗೆ ಒಂದು ಕಾದಂಬರಿಯನ್ನೇ ಬರೆದು ಮುಗಿಸಿರುತ್ತೇವೆ, ಅದರಲ್ಲಿ ಖಳನಾಯಕ ಯಾವಾಗಲೂ ಅವರೇ. ಪಾಪ, ಅವರು ನಿದ್ದೆ ಮಾಡುತ್ತಿದ್ದಿರಬಹುದು. ಅದಕ್ಕೇ ನಾನು ಈಗೀಗ ಅನುಮಾನ ಬಂದರೆ ಫೋನೇ ಮಾಡಿಬಿಡುತ್ತೇನೆ. ಕೆಲವರಿಗೆ ಅದರಿಂದ ಕಿರಿಕಿರಿ. ಯಾರೂ ಬಾಯಿಬಿಟ್ಟು ಹೇಳಿಲ್ಲ, ಎತ್ತಿದ ಕೂಡಲೇ ದನಿಯಲ್ಲೇ ಗೊತ್ತಾಗುತ್ತದೆ.