ಬೆಟ್ಟಕ್ಕೆ ಇಲ್ಲದ ಬಣ್ಣ ಬೇಡ

ಜೂನ್ ಬಂತೆಂದರೆ ನನ್ನ ಫೇಸ್‌ಬುಕ್ ತುಂಬಾ ಲಡಾಖ್. ಹುಬ್ಬಳ್ಳಿ, ಶಿವಮೊಗ್ಗ, ಮೈಸೂರಿನ ಹುಡುಗ ಹುಡುಗಿಯರು ಬೆನ್ನಿಗೆ ಟ್ರೈಪಾಡ್ ಕಟ್ಟಿಕೊಂಡು ಅಷ್ಟು ದೂರದ ಬೆಟ್ಟ, ಮರಳುಗಾಡು ಸುತ್ತಿ ಬರುತ್ತಾರೆ. ನೋಡಿದರೆ ಖುಷಿಯಾಗುತ್ತದೆ. ಆದರೆ ಆ ಫೋಟೋಗಳನ್ನು ಒಂದೊಂದಾಗಿ ನೋಡುತ್ತಾ ಹೋದ ಹಾಗೆ ಒಂದು ವಿಷಯ ಮನಸ್ಸಿಗೆ ಚುಚ್ಚುತ್ತದೆ. ಜಾಗ ಲಡಾಖ್‌ನದೇ. ಬಣ್ಣ ಮಾತ್ರ ಅಲ್ಲಿಯದಲ್ಲ. ಎಷ್ಟೋ ಸಲ ಆಕಾಶವೂ ಅಲ್ಲಿಯದಲ್ಲ. ಬೆಟ್ಟಗಾಡಿನ ಫೋಟೋ ತೆಗೆಯುವ ನಾವೆಲ್ಲ ಈ ಚಾಳಿ ಬಿಡಬೇಕು. ಯಾಕೆ ಅಂತ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ, ಬಿಡುವಾದಾಗ ಓದಿ.

ಪ್ಯಾಂಗಾಂಗ್ ಸರೋವರವನ್ನೇ ತೆಗೆದುಕೊಳ್ಳಿ. 4,200 ಮೀಟರಿಗೂ ಎತ್ತರದಲ್ಲಿ, ಸುಮಾರು 134 ಕಿಲೋಮೀಟರ್ ಉದ್ದಕ್ಕೆ ಚಾಚಿಕೊಂಡಿರುವ ಉಪ್ಪುನೀರು. ಬೆಳಿಗ್ಗೆ ಗಾಳಿ ಏಳುವ ಮುಂಚೆ ಹೋದರೆ ಎದುರಿನ ಕಂದು ಬೆಟ್ಟವೇ ನೀರಲ್ಲಿ ತಲೆಕೆಳಗಾಗಿ ನಿಂತಿರುತ್ತದೆ. ಆಗ ನೀಲಿ ಕಡಿಮೆಯೇ. ದಡದಲ್ಲಿ ತಳದ ಕಲ್ಲು ಕಾಣುವಷ್ಟು ತಿಳಿ, ಸ್ವಲ್ಪ ಆಚೆ ತೆಳು ಹಸಿರು, ಅದರಾಚೆ ಕಡು ನೀಲಿ. ಮೋಡ ಅಡ್ಡ ಬಂದರೆ ಪೂರ್ತಿ ಬೂದು. ಇಷ್ಟೆಲ್ಲ ಇರುವ ನೀರನ್ನು, ಎಡಿಟ್ ಮಾಡುವಾಗ ಬಣ್ಣ ಗಾಢ ಮಾಡುವ ಸ್ಯಾಚುರೇಶನ್ ಸ್ಲೈಡರ್ ಎಳೆದು, ಹೊಸ ಬಾತ್‌ರೂಮಿನ ಟೈಲ್ಸ್ ಥರ ಒಂದೇ ನೀಲಿ ಮಾಡಿಬಿಡುತ್ತಾರೆ. ನಿಮ್ಮು ಎಂಬ ಹಳ್ಳಿಯ ಹತ್ತಿರ ಝಂಸ್ಕಾರ್ ನದಿ ಸಿಂಧೂವನ್ನು ಸೇರುತ್ತದಲ್ಲ, ಅಲ್ಲೂ ಇದೇ ಕಥೆ. ಎರಡು ನದಿಗೆ ಎರಡು ಬಣ್ಣ, ಕಾಲಕ್ಕೆ ತಕ್ಕ ಹಾಗೆ ಬದಲಾಗುವ ಬಣ್ಣ. ಯಾವ ನದಿ ಎಷ್ಟು ಮಣ್ಣು ಹೊತ್ತು ತರುತ್ತಿದೆ ಅಂತ ಕಣ್ಣಿಗೇ ಕಾಣುತ್ತದೆ. ಎಡಿಟ್ ಆದ ಫೋಟೋದಲ್ಲಿ ಎರಡೂ ಒಂದೇ ಹಸಿರುನೀಲಿ. ಆ ಜಾಗಕ್ಕೆ ಹೋಗಿದ್ದೇ ಯಾಕೆ ಹಾಗಾದರೆ?

ಮಲೆನಾಡಿನಲ್ಲಿ ಫೋಟೋ ಕಲಿತವರಿಗೆ ಲಡಾಖ್ ಮೊದಲು ಅರ್ಥವೇ ಆಗುವುದಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ಮಳೆ. ಲೇಹ್‌ನಲ್ಲಿ ಹತ್ತಿರ ಹತ್ತಿರ 100. ಹಿಮಾಲಯ ಮಳೆಮೋಡವನ್ನು ದಕ್ಷಿಣದಲ್ಲೇ ತಡೆದು ನಿಲ್ಲಿಸಿಬಿಡುತ್ತದೆ. ನಮ್ಮಲ್ಲಿ ನೆಲ ಹಸಿರಿನ ಕೆಳಗೆ ಅಡಗಿರುತ್ತದೆ. ಅಲ್ಲಿ ಮುಚ್ಚಲು ಏನೂ ಇಲ್ಲ, ಬೆಟ್ಟದ ಒಡಲೇ ಹೊರಗೆ ಕಾಣುತ್ತದೆ. ಉಪ್ಶಿಯಿಂದ ಮೀರು ಕಡೆ ಹೋಗುವ ದಾರಿಯಲ್ಲಿ ಬಂಡೆಗಳು ನೇರಳೆ. ಹೌದು, ನಿಜವಾಗಿಯೂ ನೇರಳೆ. ನಡುನಡುವೆ ಹಸಿರು ಪಟ್ಟಿ. ಪದರಗಳು ಹಲಗೆ ನಿಲ್ಲಿಸಿದ ಹಾಗೆ ನೆಟ್ಟಗೆ ನಿಂತಿವೆ. ಭಾರತದ ಭೂಫಲಕ ಏಷ್ಯಾಕ್ಕೆ ಗುದ್ದಿದ ಕಾಲದಲ್ಲಿ ನದಿಗಳು ತಂದು ಹಾಕಿದ ಕೆಸರು, ಮರಳು, ಗುಂಡುಕಲ್ಲು ಗಟ್ಟಿಯಾಗಿ, ಆಮೇಲೆ ಒತ್ತಡಕ್ಕೆ ಮೇಲೆದ್ದು ಹೀಗೆ ನಿಂತಿದೆ. ಲಾಮಾಯೂರಿನ ಹಳದಿ ಮಣ್ಣು ಇನ್ನೊಂದು. ಅದು ಒಂದು ಕಾಲದ ಸರೋವರದ ತಳ. ಆ ಬಣ್ಣಗಳಲ್ಲೇ ಆ ನೆಲದ ಚರಿತ್ರೆ ಇದೆ. ಒಂದು ಫಿಲ್ಟರ್ ಹಾಕಿ ಎಲ್ಲವನ್ನೂ ಕಿತ್ತಳೆ ಮತ್ತು ನೀಲಿ ಮಾಡಿದರೆ ಉಳಿಯುವುದು ಏನು?

ಮೀರು ಹತ್ತಿರ ಒಂದು ಮಧ್ಯಾಹ್ನ ರಸ್ತೆ ಬದಿ ನಿಂತಿದ್ದೆ. ಮಧ್ಯಾಹ್ನ ಕ್ಯಾಮೆರಾ ಹೊರಗೆ ತೆಗೆಯಲೇಬಾರದು, ಸೂರ್ಯ ಹುಟ್ಟುವಾಗ ಮುಳುಗುವಾಗ ಮಾತ್ರ ಬೆಳಕು ಚೆನ್ನ ಅಂತ ನಮಗೆಲ್ಲ ಹೇಳಿಕೊಟ್ಟಿರುತ್ತಾರೆ. ಅಲ್ಲಿ ಆ ಪಾಠ ಪೂರ್ತಿ ನಿಜ ಅಲ್ಲ. ಚೂರು ಚೂರು ಮೋಡ ತೇಲುತ್ತಿದ್ದರೆ ಅದರ ನೆರಳು ಬೋಳು ಬೆಟ್ಟದ ಮೇಲೆ ಹರಿದು ಹೋಗುತ್ತದೆ. ನೆರಳು ಬಂದ ಕಡೆ ನೇರಳೆ ಬಂಡೆ ಕಪ್ಪಾಗುತ್ತದೆ. ಪಕ್ಕದ ಹಸಿರು ಪಟ್ಟಿಗೆ ಮಾತ್ರ ಬಿಸಿಲು. ಇನ್ನೊಂದು ಗಳಿಗೆಗೆ ಅದು ಉಲ್ಟಾ. ನಮ್ಮ ಡ್ರೈವರ್ ಆಚೋ (ಲಡಾಖಿಯಲ್ಲಿ ಅಣ್ಣ) ಅವಸರ ಮಾಡಲಿಲ್ಲ, ಗಾಡಿಯ ನೆರಳಲ್ಲಿ ಕೂತು ನನಗೂ ಒಂದು ಲೋಟ ಚಹಾ ಬಗ್ಗಿಸಿ ಕೊಟ್ಟ. ಅಷ್ಟರಲ್ಲಿ ಬೆಟ್ಟದ ಬುಡದಲ್ಲಿ ಏನೋ ಚುಕ್ಕಿಗಳು ಅಲುಗಾಡಿದವು. ಲೆನ್ಸ್ ಹಾಕಿ ನೋಡಿದರೆ ಮೇಕೆ ಹಿಂಡು. ಅಲ್ಲಿಯವರೆಗೆ ಆ ಬೆಟ್ಟ ಹತ್ತು ನಿಮಿಷ ನಡೆದರೆ ಸಿಗುವಷ್ಟು ಹತ್ತಿರ ಕಾಣುತ್ತಿತ್ತು. ಒಣಗಾಳಿ, ಮಬ್ಬಿಲ್ಲ, ಮರವಿಲ್ಲ. ದೂರ ಅಳೆಯಲು ಕಣ್ಣಿಗೆ ಆಧಾರವೇ ಇರುವುದಿಲ್ಲ. ಮೇಕೆ ಬಂದ ಮೇಲೆ ಬೆಟ್ಟಕ್ಕೆ ಅದರ ನಿಜವಾದ ಗಾತ್ರ ಬಂತು. ನನ್ನ ಹತ್ತಿರ ಇರುವ ಲಡಾಖ್ ಫೋಟೋಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು ಅದು. ಅದಕ್ಕೆ ಯಾವ ಸ್ಲೈಡರೂ ಬೇಕಾಗಲಿಲ್ಲ.

(ಹೋಗುವವರಿಗೆ ಒಂದು ಮಾತು: ಆ ಎತ್ತರದಲ್ಲಿ ಆಕಾಶ ತನ್ನಷ್ಟಕ್ಕೇ ಕಡು ನೀಲಿ. ವೈಡ್ ಲೆನ್ಸಿಗೆ ಪೋಲರೈಸರ್, ಅಂದರೆ ಆಕಾಶದ ನೀಲಿ ಗಾಢ ಮಾಡುವ ಫಿಲ್ಟರ್, ಹಾಕಿದರೆ ಒಂದು ಮೂಲೆ ಕಪ್ಪಾಗಿ ಬರುತ್ತದೆ. ತೆಗೆದಿಡಿ.)

ಈಗ ನಿಜವಾದ ಕಾರಣಕ್ಕೆ ಬರುತ್ತೇನೆ. ಕಾರ್ಗಿಲ್‌ನಿಂದ ಪಾದುಮ್‌ಗೆ ಹೋಗುವಾಗ ಪೆನ್ಸಿ ಲಾ ಅಂತ ಒಂದು ಕಣಿವೆದಾರಿ ಸಿಗುತ್ತದೆ, ಸುಮಾರು 4,400 ಮೀಟರ್. ಅದನ್ನು ದಾಟಿ ಇಳಿಯುವಾಗ ಒಂದು ತಿರುವಿನಲ್ಲಿ ದ್ರಾಂಗ್-ದ್ರುಂಗ್ ಹಿಮನದಿ ಪೂರ್ತಿ ಕಾಣುತ್ತದೆ. ಇಪ್ಪತ್ತು ಕಿಲೋಮೀಟರಿಗೂ ಉದ್ದದ ಮಂಜು, ಬೆಟ್ಟಗಳ ನಡುವೆ ಬಳುಕಿಕೊಂಡು ಇಳಿದು ಬರುತ್ತದೆ. ಆ ದಾರಿಯಲ್ಲಿ ಹೋದವರು ಗಾಡಿ ನಿಲ್ಲಿಸದೇ ಇರುವುದಿಲ್ಲ. ಎಲ್ಲರೂ ಅದೇ ತಿರುವಿನಲ್ಲಿ, ಅದೇ ಕೋನದಲ್ಲಿ ಕ್ಲಿಕ್ ಮಾಡುತ್ತಾರೆ. ಆ ಹಿಮನದಿ ಹಿಂದಕ್ಕೆ ಸರಿಯುತ್ತಿದೆ. ಅದರ ತುದಿಯಲ್ಲಿ ಕರಗಿದ ನೀರಿನ ಕೆರೆಯೇ ಆಗಿದೆ. ತುದಿಯ ಮಂಜು ಬೆಳ್ಳಗಿಲ್ಲ. ಕಲ್ಲುಪುಡಿ, ಮಣ್ಣು ಮೆತ್ತಿಕೊಂಡು ಕೊಳಕು ಬೂದು ಬಣ್ಣದಲ್ಲಿದೆ. ನೋಡಲು ಚೆಂದವಿಲ್ಲ, ಆದ್ದರಿಂದಲೇ ಎಡಿಟ್‌ನಲ್ಲಿ ಮೊದಲು ಹೋಗುವುದು ಅದೇ. ಬೂದು ಬೆಳ್ಳಗಾಗುತ್ತದೆ, ಕೆರೆ ಕ್ರಾಪ್ ಆಗುತ್ತದೆ.

ಎಂಥ ನಷ್ಟ ಯೋಚಿಸಿ. ಯಾರೂ ಹೇಳದೆಯೇ, ವರ್ಷ ವರ್ಷವೂ ಎಷ್ಟೊಂದು ಜನ ಒಂದೇ ಜಾಗದಲ್ಲಿ ನಿಂತು ಒಂದು ಹಿಮನದಿಯ ಫೋಟೋ ತೆಗೆಯುತ್ತಿದ್ದಾರೆ. ಹಾಗೇ ಇಟ್ಟಿದ್ದರೆ ಅದು ಒಂದು ದೊಡ್ಡ ದಾಖಲೆ.

ಇದು ನನ್ನ ಕಲ್ಪನೆಯಲ್ಲ. 1921ರ ಬ್ರಿಟಿಷ್ ಎವರೆಸ್ಟ್ ತಂಡದಲ್ಲಿದ್ದ ಜಾರ್ಜ್ ಮ್ಯಾಲರಿ ಟಿಬೆಟ್ ಕಡೆಯಿಂದ ರೋಂಗ್‌ಬುಕ್ ಹಿಮನದಿಯ ಒಂದು ಫೋಟೋ ತೆಗೆದರು. ಹತ್ತುವ ದಾರಿ ಹುಡುಕಲು ಹೋಗಿದ್ದ ತಂಡ ಅದು, ಹವಾಮಾನದ ಲೆಕ್ಕ ಇಡಲು ಹೋದದ್ದಲ್ಲ. 2007ರಲ್ಲಿ ಡೇವಿಡ್ ಬ್ರೇಷಿಯರ್ಸ್ ಎಂಬ ಪರ್ವತಾರೋಹಿ ಆ ಫೋಟೋ ಹಿಡಿದುಕೊಂಡು ಹೋಗಿ, ಮ್ಯಾಲರಿ ನಿಂತ ಜಾಗವನ್ನೇ ಹುಡುಕಿ, ಮತ್ತೆ ಅದೇ ಫೋಟೋ ತೆಗೆದರು. ಎರಡನ್ನೂ ಪಕ್ಕಪಕ್ಕ ಇಟ್ಟರೆ ಸುಮಾರು 100 ಮೀಟರ್ ಎತ್ತರದಷ್ಟು ಮಂಜು ಮಾಯ. ಇಟಲಿಯ ವಿಟ್ಟೋರಿಯೊ ಸೆಲ್ಲಾ 1909ರಲ್ಲಿ ಭಾರದ ಗಾಜಿನ ಪ್ಲೇಟು ಹೊರಿಸಿಕೊಂಡು ಹೋಗಿ ಕಾರಾಕೋರಂನಲ್ಲಿ ತೆಗೆದ ಫೋಟೋಗಳನ್ನೂ ಇವತ್ತು ಹೀಗೇ ಹೋಲಿಸಿ ನೋಡುತ್ತಾರೆ. ಅವರು ಮಂಜನ್ನು ಇದ್ದ ಹಾಗೆ ತೆಗೆದರು. ಅಷ್ಟಕ್ಕೇ ಅವು ನೂರು ವರ್ಷದ ಮೇಲೂ ಸಾಕ್ಷಿಯಾಗಿ ನಿಂತಿವೆ.

"ಇದು ಕಲೆ ಸಾರ್, ನಮ್ಮ ಕಲ್ಪನೆಗೆ ಜಾಗ ಬೇಡ್ವಾ?" ಅಂತ ಕೇಳುತ್ತಾರೆ. ಖಂಡಿತ ಬೇಕು. ಎಲ್ಲಿ ನಿಲ್ಲಬೇಕು, ಎಷ್ಟು ಹೊತ್ತು ಕಾಯಬೇಕು, ಏನನ್ನು ಫ್ರೇಮಿನಿಂದ ಬಿಡಬೇಕು, ಎಲ್ಲದರಲ್ಲೂ ನಿಮ್ಮ ಕಲ್ಪನೆ ಇದೆ. ರಾ ಫೈಲ್ (ಕ್ಯಾಮೆರಾ ತಿದ್ದದೆ ಉಳಿಸುವ ಮೂಲ ಫೈಲ್) ಸಪ್ಪೆಯಾಗಿಯೇ ಬರುತ್ತದೆ, ಅದನ್ನು ಕಣ್ಣು ಕಂಡ ಮಟ್ಟಕ್ಕೆ ತರುವುದು ತಪ್ಪಲ್ಲ. ನಾನೂ ಮಾಡುತ್ತೇನೆ. ಆದರೆ ಪ್ರಾಣಿ ಪಕ್ಷಿಗಳ ಫೋಟೋದಲ್ಲಿ ಈ ಗೆರೆ ಎಂದೋ ಎಳೆದಾಗಿದೆ. ಸ್ಪರ್ಧೆಗಳ ನೇಚರ್ ವಿಭಾಗದಲ್ಲಿ ಏನನ್ನೂ ಸೇರಿಸುವ ಹಾಗಿಲ್ಲ, ಅಳಿಸುವ ಹಾಗಿಲ್ಲ, ಜರುಗಿಸುವ ಹಾಗಿಲ್ಲ. ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್ ಅವರಂಥವರು ಫೋಟೋ ತೆಗೆದ ಬೆಂಗಳೂರು ನಮ್ಮದು. ಹುಲಿಗೆ ಇನ್ನೊಂದು ಪಟ್ಟೆ ಸೇರಿಸಿದರೆ ನಾವೇ ಬೈಯುತ್ತೇವೆ. ಬೆಟ್ಟಕ್ಕೆ ಇಲ್ಲದ ಹಿಮ ಸೇರಿಸಿದರೆ ಸೂಪರ್ ಅಂತೀವಿ. ಯಾಕೆ ಈ ಭೇದ?

ಆಕಾಶದ ವಿಷಯದಲ್ಲಂತೂ ನನಗೆ ನಿಜಕ್ಕೂ ನೋವಾಗುತ್ತದೆ. ಪೂರ್ವ ಲಡಾಖ್‌ನ ಚಾಂಗ್‌ಥಾಂಗ್ ಪ್ರಸ್ಥಭೂಮಿಯ ಹಾನ್ಲೆಯಲ್ಲಿ, ಸುಮಾರು 4,500 ಮೀಟರ್ ಎತ್ತರದ ಗುಡ್ಡದ ಮೇಲೆ ಭಾರತೀಯ ಖಗೋಳ ವೀಕ್ಷಣಾಲಯ ಇದೆ. ನಮ್ಮ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯದು. ಅಲ್ಲಿನ 2 ಮೀಟರ್ ದೂರದರ್ಶಕವನ್ನು ಹೊಸಕೋಟೆಯಲ್ಲಿ ಕೂತು ಉಪಗ್ರಹದ ಸಂಪರ್ಕದಿಂದ ನಡೆಸುತ್ತಾರೆ. 2022ರಲ್ಲಿ ಹಾನ್ಲೆ ಸುತ್ತಲ ಊರುಗಳನ್ನು ಕತ್ತಲೆ ಆಕಾಶದ ಸಂರಕ್ಷಿತ ವಲಯ ಅಂತ ಘೋಷಿಸಿದರು. ಆ ಕತ್ತಲೆಯನ್ನು ಕಾಯುವವರು ಊರಿನ ಜನ. ನಾನು ಉಳಿದಿದ್ದ ಮನೆಯ ಆಮಾ-ಲೆ (ಲಡಾಖಿಯಲ್ಲಿ ಅಮ್ಮ) ಸಂಜೆ ದೀಪ ಹಾಕುವ ಮುಂಚೆ ಪ್ರತಿ ಕಿಟಕಿಗೂ ದಪ್ಪ ಪರದೆ ಎಳೆಯುತ್ತಿದ್ದರು. ಒಂದು ಕಡೆ ಸಣ್ಣ ಸಂದಿ ಉಳಿದಿತ್ತು, ವಾಪಸ್ ಬಂದು ಅದನ್ನೂ ಪಿನ್ ಹಾಕಿ ಮುಚ್ಚಿದರು. ಊರಿನ ಹುಡುಗ ಹುಡುಗಿಯರಿಗೆ ದೂರದರ್ಶಕ ಕೊಟ್ಟು, ಬಂದವರಿಗೆ ಆಕಾಶ ತೋರಿಸುವ ತರಬೇತಿ ಕೊಟ್ಟಿದ್ದಾರೆ. ಅದರಿಂದ ನಾಲ್ಕು ಕಾಸು ಸಂಪಾದನೆಯೂ ಆಗುತ್ತದೆ.

ಹಾನ್ಲೆಯಿಂದ ಆಕಾಶಗಂಗೆಯ ನಡುಭಾಗ ದಕ್ಷಿಣಕ್ಕೆ, ದಿಗಂತದಿಂದ 28 ಡಿಗ್ರಿಯಷ್ಟು ಮೇಲಕ್ಕೆ ಮಾತ್ರ ಏರುತ್ತದೆ. ನಮ್ಮ ಕರ್ನಾಟಕದಲ್ಲಿ ಇನ್ನೂ ಎತ್ತರಕ್ಕೆ ಬರುತ್ತದೆ, ಆದರೆ ದೀಪದ ಬೆಳಕು, ಮಳೆಗಾಲದ ಮೋಡ ನೋಡಲು ಬಿಡುವುದಿಲ್ಲ. ಹಾಗಿರುವಾಗ ಉತ್ತರದ ಬೆಟ್ಟದ ನೆತ್ತಿಯ ಮೇಲೆ ಅದನ್ನು ದೊಡ್ಡದಾಗಿ ಅಂಟಿಸಿದ ಫೋಟೋಗಳು ಓಡಾಡುತ್ತವೆ. ಉದ್ದ ಎಕ್ಸ್‌ಪೋಷರ್‌ನಲ್ಲಿ, ಅಂದರೆ ಶಟರ್ ಹೆಚ್ಚು ಹೊತ್ತು ತೆರೆದಿಟ್ಟಾಗ, ಕಣ್ಣಿಗೆ ಕಾಣದ ಬಣ್ಣ ಕ್ಯಾಮೆರಾಕ್ಕೆ ಕಾಣುತ್ತದೆ, ಅದು ಬೇರೆ, ಆ ಬೆಳಕು ಅಲ್ಲಿ ಇದೆ. ಇಲ್ಲದ ಕಡೆ ಅಂಟಿಸುವುದು ಸುಳ್ಳು. ಎಲ್ಲಿ ಬೇಕಾದರೂ ಆಕಾಶ ಅಂಟಿಸಬಹುದು ಅಂತಾದರೆ ಪರದೆಗೆ ಪಿನ್ ಹಾಕುವ ಆ ಹೆಂಗಸಿನ ಶ್ರಮಕ್ಕೆ ಏನು ಬೆಲೆ? 2024ರ ಮೇ 10ರ ರಾತ್ರಿ ದೊಡ್ಡ ಸೌರ ಬಿರುಗಾಳಿ ಬಂದಾಗ ಹಾನ್ಲೆಯ ಆಕಾಶ ಕೆಂಪಾಯಿತು, ಧ್ರುವಗಳ ಹತ್ತಿರ ಕಾಣುವ ಧ್ರುವಪ್ರಭೆ (ಅರೋರಾ) ನಮ್ಮ ದೇಶದಲ್ಲಿ! ವೀಕ್ಷಣಾಲಯದ ಕ್ಯಾಮೆರಾಗಳಲ್ಲೇ ಅದು ದಾಖಲಾದ್ದರಿಂದ ಜನ ನಂಬಿದರು. ನಮ್ಮಂಥವರ ಫೋಟೋ ಮಾತ್ರ ಇದ್ದಿದ್ದರೆ, ಇದೂ ಎಡಿಟ್ ಅಂತ ಪಕ್ಕಕ್ಕೆ ಸರಿಸುತ್ತಿದ್ದರೇನೋ.

ಹಾಗಾಗಿ ಒಂದು ಕೆಲಸ ಶುರು ಮಾಡೋಣ ಅಂತ ಇದ್ದೇನೆ. ನಿಮ್ಮಲ್ಲಿ ಯಾರಾದರೂ ಪೆನ್ಸಿ ಲಾ ದಾಟಿದ್ದರೆ ಆ ತಿರುವಿನ ಫೋಟೋ ಹುಡುಕಿ. ರಾ ಫೈಲ್ ಇದ್ದರೆ ತುಂಬಾ ಒಳ್ಳೆಯದು, ಫೋನಿನದಾದರೂ ನಡೆಯುತ್ತದೆ, ತೆಗೆದ ತಾರೀಕು ಮಾತ್ರ ಬೇಕು. ಸೈನ್ಯದಲ್ಲಿ ಇದ್ದವರು, ಹಿಂದೆ ಟ್ರೆಕ್ಕಿಂಗ್ ಹೋದವರು ಮನೆಯಲ್ಲಿದ್ದರೆ ಹಳೇ ಆಲ್ಬಂ ತೆಗೆದು ನೋಡಲು ಹೇಳಿ. ಮುಂದೆ ನಿಮ್ಮ ಚಿಕ್ಕಪ್ಪ ಪೋಸ್ ಕೊಟ್ಟಿದ್ದರೂ ಪರವಾಗಿಲ್ಲ, ಹಿಂದೆ ಮಂಜು ಕಂಡರೆ ಸಾಕು. ಅಲ್ಲಿನ ಕಪ್ಪುಕತ್ತಿನ ಕೊಕ್ಕರೆಯ (ಬ್ಲ್ಯಾಕ್-ನೆಕ್ಡ್ ಕ್ರೇನ್) ಗೂಡು ಇರುವ ಜಾಗಗಳ ವಿವರ ಮಾತ್ರ ಎಲ್ಲೂ ಹಾಕಬೇಡಿ, ಜನ ಮುತ್ತಿದರೆ ಹಕ್ಕಿಗೆ ತೊಂದರೆ. ಹಿಮನದಿಯದು ಎಷ್ಟು ಬೇಕಾದರೂ ಹಾಕಿ. ಇನ್‌ಬಾಕ್ಸ್ ತೆರೆದಿದೆ. ಬಂದದ್ದನ್ನೆಲ್ಲ ವರ್ಷದ ಪ್ರಕಾರ ಜೋಡಿಸಿ, ತೆಗೆದವರ ಒಪ್ಪಿಗೆ ಪಡೆದು ಇಲ್ಲೇ ಹಾಕುತ್ತೇನೆ.