ಸ್ಪೀಡ್ ಹಿಡಿಯುವ ಕೆಲಸ ಕ್ಯಾಮೆರಾಗೆ ಬಿಡಿ

ಹೋದ ವಾರ ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ ಮೈಸೂರಿಗೆ ಹೋಗಿ ಬಂದ ಮೇಲೆ ಮೊಬೈಲ್‌ಗೆ ಮೆಸೇಜ್ ಬಂತು. 100ರ ಮಿತಿ ಇರುವ ಕಡೆ 114ರಲ್ಲಿ ಹೋಗಿದ್ದೇನೆ, 1000 ರೂಪಾಯಿ ದಂಡ. ತಪ್ಪು ನನ್ನದೇ, ಕಟ್ಟಿದೆ. 'ನಾನು ಹೇಳಿರಲಿಲ್ವಾ' ಅಂತ ಹೆಂಡತಿ ಹಾಕಿದ ದಂಡ ಬೇರೆ.

ಆದರೆ ಅವತ್ತು ಬೆಳಿಗ್ಗೆ ಅದೇ ರಸ್ತೆಯಲ್ಲಿ ಕೆಟ್ಟು ನಿಂತ ಲಾರಿ ಒಂದನ್ನು ನೋಡಿದ್ದೆ. ಅರ್ಧ ಲಾರಿ ಲೇನ್ ಒಳಗೇ ಇತ್ತು. ಹಿಂದೆ ಎರಡು ಕಲ್ಲು, ಒಂದು ಸೊಪ್ಪಿನ ಕೊಂಬೆ, ಅಷ್ಟೇ ಎಚ್ಚರಿಕೆ. ಸ್ವಲ್ಪ ಮುಂದೆ ಫ್ಲೈಓವರ್ ನೆರಳಲ್ಲಿ ಇಂಟರ್‌ಸೆಪ್ಟರ್ ಗಾಡಿ ನಿಲ್ಲಿಸಿಕೊಂಡು ಪೊಲೀಸರು ಸ್ಪೀಡ್ ಅಳೆಯುತ್ತಿದ್ದರು.

ದಂಡವೇ ಬೇಡ ಅಂತಿಲ್ಲ, ಮೊದಲೇ ಹೇಳಿಬಿಡುತ್ತೇನೆ. 2023ರಲ್ಲಿ ಈ ಹೆದ್ದಾರಿ ಹೊಸದಾಗಿ ಶುರುವಾದಾಗ ಜನ ಹೇಗೆ ಓಡಿಸುತ್ತಿದ್ದರು, ಪೇಪರ್ ತೆಗೆದರೆ ಎಷ್ಟು ಸಾವಿನ ಸುದ್ದಿ ಇರುತ್ತಿತ್ತು ಅನ್ನೋದು ಮಂಡ್ಯ, ರಾಮನಗರದ ಕಡೆಯವರಿಗೆ ಚೆನ್ನಾಗಿ ಗೊತ್ತು. ಆ ಆಗಸ್ಟ್‌ನಿಂದ ಬೈಕ್, ಆಟೊ, ಟ್ರ್ಯಾಕ್ಟರ್‌ಗಳನ್ನು ಮುಖ್ಯ ರಸ್ತೆಗೆ ಬಿಡಲಿಲ್ಲ. 2024ರಲ್ಲಿ ಕ್ಯಾಮೆರಾ ಬಂತು. 130 ದಾಟಿದರೆ ಎಫ್‌ಐಆರ್ ಅಂತಲೂ ಆಯಿತು. ಎಲ್ಲಾ ಸರಿಯೇ. ನಾನೇ ಈಗ ಸ್ಪೀಡೋಮೀಟರ್ ನೋಡಿಕೊಂಡು ಓಡಿಸುತ್ತೇನೆ (ಅವತ್ತೊಂದು ದಿನ ಬಿಟ್ಟು).

ಕ್ಯಾಮೆರಾ ಹಗಲು ರಾತ್ರಿ ನಿದ್ದೆ ಮಾಡದೆ ನಂಬರ್ ಪ್ಲೇಟ್ ಓದುತ್ತದೆ, ಮಂತ್ರಿ ಕಡೆಯವರು ಅಂದರೂ ಕೇಳುವುದಿಲ್ಲ. ಅದು ಮಾಡುವ ಕೆಲಸಕ್ಕೆ ನಾಲ್ಕು ಜನ ಸಿಬ್ಬಂದಿಯನ್ನು ಬಿಸಿಲಲ್ಲಿ ಕೂರಿಸುವುದು ಯಾಕೆ? ಕೆಟ್ಟು ನಿಂತ ಲಾರಿಯನ್ನು ಪಕ್ಕಕ್ಕೆ ಎಳೆಸುವುದು ಕ್ಯಾಮೆರಾ ಕೈಲಿ ಆಗಲ್ಲ. ಸರ್ವೀಸ್ ರಸ್ತೆಯಲ್ಲಿ ರಾಂಗ್ ಸೈಡ್ ಬರುವ ಬೈಕಿನವನನ್ನು ಅಲ್ಲೇ ನಿಲ್ಲಿಸಿ ವಾಪಸ್ ಕಳಿಸೋಕೂ, ಕುಡಿದು ಓಡಿಸುವವನ ಬಾಯಿಗೆ ಮಷಿನ್ ಇಡೋಕೂ ಮನುಷ್ಯರೇ ಬೇಕು.

ಇನ್ನೊಂದು ತಮಾಷೆ, ಅರ್ಧ ದಂಡದ ರಿಯಾಯಿತಿ. 2023ರಲ್ಲಿ ಕೊಟ್ಟರು, 2025ರಲ್ಲೂ ಕೊಟ್ಟರು. ಸರಿಯಾಗಿ ಕಟ್ಟಿದವನು ಪೆದ್ದ. ನನ್ನ ಸ್ನೇಹಿತನೊಬ್ಬ 'ಯಾಕಪ್ಪಾ ಈಗ್ಲೇ ಕಟ್ಟಿದೆ, ಆಫರ್ ಬರುತ್ತಲ್ಲ' ಅಂತ ನಗುತ್ತಾನೆ, ಆಷಾಢದ ಸೀರೆ ಸೇಲ್ ಥರ! ಅಷ್ಟೊಂದು ಜನ ಬೆವರು ಸುರಿಸಿ ಹಾಕಿದ ದಂಡಕ್ಕೆ ಇರುವ ಭಯ ಇಷ್ಟೇ.

ಅವತ್ತು ರಾತ್ರಿ ವಾಪಸ್ ಬರುವಾಗ ಡಿವೈಡರ್ ಆಚೆ ನೋಡಿದೆ. ಇಂಟರ್‌ಸೆಪ್ಟರ್ ಇರಲಿಲ್ಲ. ಲಾರಿ ಅಲ್ಲೇ ಇತ್ತು, ಕತ್ತಲಲ್ಲಿ, ಒಂದು ದೀಪವೂ ಇಲ್ಲದೆ.